ಒಂದು ಸೆಂಟಿನ ಕೂಲಿ

1976ರಲ್ಲಿ ಅಮೆರಿಕದೊಳಗೆ ಒಂದು ಮಾಮೂಲಿ ಕಾಗದ ಕಳಿಸಲು 13 ಸೆಂಟಿನ ಸ್ಟಾಂಪು ಅಂಟಿಸಬೇಕಿತ್ತು. ಆ ವರ್ಷ ಅಲ್ಲಿನ ಅಂಚೆ ಸಂಸ್ಥೆ ತನ್ನ ದೊಡ್ಡ ಗಿರಾಕಿಗಳ ಮುಂದೆ ಒಂದು ಕರಾರು ಇಟ್ಟಿತು. ನಿಮ್ಮ ಕಾಗದಗಳನ್ನು ಹೇಗೆ ಬೇಕೋ ಹಾಗೆ ಸುರಿಯಬೇಡಿ, ಊರುವಾರು ಜೋಡಿಸಿ ಕಟ್ಟು ಕಟ್ಟಿ ತನ್ನಿ, ಆಗ ಒಂದೊಂದಕ್ಕೆ 12 ಸೆಂಟು ಕೊಟ್ಟರೆ ಸಾಕು ಎಂದಿತು.

ಕಾಗದ ಅದೇ, ತೂಕ ಅದೇ, ಹೋಗಬೇಕಾದ ದೂರವೂ ಅದೇ. ಅದನ್ನು ಹೊರುವ ಲಾರಿ, ವಿಮಾನ ಬದಲಾಗಲಿಲ್ಲ, ಕೊನೆಗೆ ಮನೆ ಬಾಗಿಲಿಗೆ ನಡೆದು ಬರುವ ಪೋಸ್ಟ್‌ಮ್ಯಾನ್ ಸಹ ಬದಲಾಗಲಿಲ್ಲ. ಬದಲಾದದ್ದು ಕಾಗದಗಳು ಒಂದರ ಹಿಂದೆ ಒಂದು ನಿಂತ ಕ್ರಮ ಮಾತ್ರ. ಬರೀ ಕ್ರಮಕ್ಕೆ ಯಾಕೆ ದುಡ್ಡು ಬಿಡಬೇಕು? ಆ ಒಂದು ಸೆಂಟು ಎಲ್ಲಿಂದ ಬಂತು?

ಎಷ್ಟು ಗೂಡು, ಎಷ್ಟು ಸುತ್ತು

ಮನೆಯಲ್ಲಿ ಒಂದು ಕಟ್ಟು ಇಸ್ಪೀಟಿದ್ದರೆ ತೆಗೆಯಿರಿ. ಚೆನ್ನಾಗಿ ಕಲಸಿ, ಮತ್ತೆ ಸಾಲಾಗಿ ಜೋಡಿಸಿ. ಸಾಮಾನ್ಯವಾಗಿ ಎಲ್ಲರೂ ಮೊದಲು ಇಸ್ಪೀಟು, ಆಟೀನು, ಡೈಮನ್, ಕಳಾವರ್ ಎಂದು ನಾಲ್ಕು ಗುಡ್ಡೆ ಮಾಡುತ್ತಾರೆ. ಆಮೇಲೆ ಒಂದೊಂದು ಗುಡ್ಡೆಯನ್ನೂ ಎಕ್ಕದಿಂದ ರಾಜನವರೆಗೆ ಹದಿಮೂರು ಜಾಗಕ್ಕೆ ಹಂಚುತ್ತಾರೆ. ಪ್ರತಿ ಎಲೆಯೂ ಎರಡು ಸಲ ಕೈಗೆ ಬಂತು. ನೆಲದ ಮೇಲೆ 52 ಜಾಗ ಬಿಟ್ಟುಕೊಂಡಿದ್ದರೆ ಒಂದೇ ಸಲಕ್ಕೆ ಮುಗಿಯುತ್ತಿತ್ತು, ನಿಜ. ಆದರೆ ಆಗ ಕೂತಲ್ಲೇ ಕೈ ಚಾಚಿದರೆ ಸಾಲುವುದಿಲ್ಲ, ಎದ್ದು ಓಡಾಡಬೇಕು.

ಅಂಚೆಯ ವಿಂಗಡಣೆ ಕೋಣೆಯ ಕಷ್ಟವೂ ಇಷ್ಟೇ. ಸಾರ್ಟರ್ ಮುಂದೆ ಗೂಡುಗೂಡಾದ ಒಂದು ಕಪಾಟು ಇರುತ್ತದೆ. ಗೂಡು ಹೆಚ್ಚಿದಷ್ಟೂ ಸುತ್ತು ಕಡಿಮೆ, ಆದರೆ ತೋಳಿನ ಉದ್ದಕ್ಕೂ ತಲೆಯ ನೆನಪಿಗೂ ಒಂದು ಮಿತಿಯಿದೆ. ಭಾರತದಲ್ಲಿ ಸುಮಾರು 19 ಸಾವಿರ ಪಿನ್ ಕೋಡುಗಳಿವೆ. ಕಪಾಟಿನಲ್ಲಿ ಹತ್ತೇ ಗೂಡು ಇದ್ದರೆ ಒಂದು ಸುತ್ತಿಗೆ ಹತ್ತು ಗುಂಪು, ಎರಡನೆಯದಕ್ಕೆ ನೂರು, ಹೀಗೆ ಐದು ಸುತ್ತು ಬೇಕು. ಗೂಡುಗಳನ್ನು ನೂರಕ್ಕೆ ಏರಿಸಿದರೂ ಎರಡು ಸುತ್ತಿಗೆ ಹತ್ತು ಸಾವಿರ ಗುಂಪಷ್ಟೇ ಆಗುತ್ತದೆ, ಮೂರನೆಯ ಸುತ್ತು ತಪ್ಪುವುದಿಲ್ಲ. ಗೂಡು ಹತ್ತು ಪಟ್ಟು ಹೆಚ್ಚಿತು, ಸುತ್ತು ಐದರಿಂದ ಮೂರಕ್ಕೆ ಮಾತ್ರ ಇಳಿಯಿತು. ಗಣಿತದವರು ಲಾಗರಿದಮ್ ಎನ್ನುವುದು ಈ ಜಿಪುಣತನವನ್ನೇ.

ಒಂದು ಸುತ್ತು ಎಂದರೆ ಒಂದು ಕೆಲಸವೂ ಅಲ್ಲ. ಕಾಗದ ಎತ್ತಬೇಕು, ಓದಬೇಕು, ಯಾವ ಗೂಡು ಎಂದು ತೀರ್ಮಾನಿಸಬೇಕು, ಹಾಕಬೇಕು. ಗೂಡು ತುಂಬಿದಾಗ ತೆಗೆದು ಕಟ್ಟಬೇಕು, ಲೇಬಲ್ ಹಚ್ಚಬೇಕು, ಚೀಲಕ್ಕೆ ತುಂಬಬೇಕು. ಮುಂದಿನ ಊರಿನಲ್ಲಿ ಮತ್ತೊಬ್ಬರು ಆ ಚೀಲ ಬಿಚ್ಚಿ ಇದೇ ಕೆಲಸವನ್ನು ಇನ್ನೊಂದು ಹಂತಕ್ಕೆ ಮಾಡಬೇಕು. ಇದಕ್ಕೆ ತಗಲುವ ಹೊತ್ತನ್ನು ಉಳಿಸಲೆಂದೇ ಹಿಂದೆ ರೈಲ್ವೆ ಮೇಲ್ ಸರ್ವೀಸಿನವರು, ನಮ್ಮ ಜನ ಆರ್‌ಎಂಎಸ್ ಎನ್ನುವ ವಿಭಾಗದವರು, ಓಡುವ ರೈಲಿನ ಡಬ್ಬಿಯಲ್ಲೇ ನಿಂತು ವಿಂಗಡಿಸುತ್ತಿದ್ದರು. ಹೊತ್ತು ಉಳಿಯಿತು, ಸುತ್ತು ಮಾತ್ರ ಉಳಿಯಲಿಲ್ಲ. ಕಾಗದ ಎಷ್ಟು ಕೈ ದಾಟುತ್ತದೋ ಅಷ್ಟು ಸಂಬಳ.

ಕೈಗಳು ಸಾಲದೆ ಹೋದರೆ ಏನಾಗುತ್ತದೆಂದು 1966ರ ಅಕ್ಟೋಬರಿನಲ್ಲಿ ಷಿಕಾಗೋ ಕಂಡಿತು. ಅಲ್ಲಿನ ಮುಖ್ಯ ಅಂಚೆ ಕಚೇರಿ ತನ್ನೊಳಗೆ ಬಂದು ಬಿದ್ದ ಅಂಚೆಯನ್ನು ಜೀರ್ಣಿಸಿಕೊಳ್ಳಲಾಗದೆ ನಿಂತುಬಿಟ್ಟಿತು. ಒಂದು ಕೋಟಿಗೂ ಮಿಕ್ಕಿ ಅಂಚೆ ಅದರ ಹೊಟ್ಟೆಯಲ್ಲಿ ಸಿಕ್ಕಿಕೊಂಡಿತ್ತು. ಅಮೆರಿಕದ ಅಂಚೆ 1970ರ ಕಾನೂನಿನಿಂದ ಸರಕಾರಿ ಇಲಾಖೆಯ ರೂಪ ಕಳಚಿ, ಮರುವರ್ಷ ಯುಎಸ್ ಪೋಸ್ಟಲ್ ಸರ್ವೀಸ್ ಎಂಬ ಹೊಸ ಸಂಸ್ಥೆಯಾಗಲು ಈ ಅಜೀರ್ಣವೂ ಒಂದು ಕಾರಣ.

ಮೂರು ಸಿದ್ದಾಪುರಗಳು

ವಿಳಾಸವನ್ನು ಓದುವುದು ಬೇರೆ, ಅದು ಎಲ್ಲಿದೆಯೆಂದು ತಿಳಿಯುವುದು ಬೇರೆ. ಬರೀ ‘ಸಿದ್ದಾಪುರ’ ಎಂದು ಬರೆದ ಲಕೋಟೆಯನ್ನು ಎತ್ತ ಕಳಿಸಬೇಕು? ಉತ್ತರ ಕನ್ನಡದಲ್ಲಿ ಒಂದು ಸಿದ್ದಾಪುರವಿದೆ, ಕುಂದಾಪುರದ ಕಡೆ ಒಂದಿದೆ, ಕೊಡಗಿನಲ್ಲಿ ಇನ್ನೊಂದಿದೆ. ಹಳೆಯ ಸಾರ್ಟರಿಗೆ ಇದೆಲ್ಲ ಬಾಯಿಪಾಠ. ಯಾವ ಹಳ್ಳಿ ಯಾವ ಅಂಚೆ ಕಚೇರಿಗೆ, ಆ ಕಚೇರಿಯ ಚೀಲ ಯಾವ ಗಾಡಿಗೆ ಎಂಬುದನ್ನು ವರ್ಷಗಟ್ಟಲೆ ಕಲಿತು ತಲೆಯಲ್ಲಿ ಇಟ್ಟುಕೊಂಡಿರುತ್ತಿದ್ದ. ಆತ ರಜೆ ಹಾಕಿದ ದಿನ ಅವನ ಜೊತೆ ಆ ನಕ್ಷೆಯೂ ರಜೆ ಹೋಗುತ್ತಿತ್ತು.

1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಕೋಡ್ ಆ ನಕ್ಷೆಯನ್ನು ತಲೆಯಿಂದ ಲಕೋಟೆಯ ಮೇಲಕ್ಕೆ ಇಳಿಸಿತು. ಅದರ ಹಿಂದಿದ್ದವರು ಸಂಪರ್ಕ ಇಲಾಖೆಯ ಅಧಿಕಾರಿ ಶ್ರೀರಾಮ ಭಿಕಾಜಿ ವೇಲಣಕರ್, ಸಂಸ್ಕೃತದಲ್ಲಿ ಕಾವ್ಯ ಬರೆಯುತ್ತಿದ್ದವರು. ಆರು ಅಂಕಿಗಳಲ್ಲಿ ಮೊದಲನೆಯದು ದೇಶದ ವಲಯ ಹೇಳುತ್ತದೆ. ಐದು ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣ. ಮೊದಲೆರಡು ಅಂಕಿ 56ರಿಂದ 59ರೊಳಗೆ ಇದ್ದರೆ ಕರ್ನಾಟಕ. ಮೂರು ಅಂಕಿ ಸೇರಿದರೆ ವಿಂಗಡಣೆಯ ಜಿಲ್ಲೆ, ಉಳಿದ ಮೂರು ಬಟವಾಡೆ ಮಾಡುವ ಕಚೇರಿ. 581 ಎಂದು ಶುರುವಾದರೆ ಉತ್ತರ ಕನ್ನಡದ ಸಿದ್ದಾಪುರ, 576 ಆದರೆ ಕುಂದಾಪುರದ್ದು, 571 ಆದರೆ ಕೊಡಗಿನದು. ಅಂಕಿಯನ್ನು ಎಡದಿಂದ ಬಲಕ್ಕೆ ಓದುತ್ತ ಹೋದ ಹಾಗೆ ಕಾಗದ ಮನೆಗೆ ಹತ್ತಿರವಾಗುತ್ತದೆ. ಒಂದೊಂದು ಅಂಕಿಯೂ ಒಂದೊಂದು ಸುತ್ತಿನ ಉತ್ತರ.

ಅಮೆರಿಕ ಇದೇ ಕೆಲಸವನ್ನು 1963ರ ಜುಲೈ 1ರಿಂದ ಐದು ಅಂಕಿಯ ಜಿಪ್ ಕೋಡಿನಲ್ಲಿ ಶುರುಮಾಡಿತ್ತು. ಅಷ್ಟು ಹೊತ್ತಿಗೆ ಅಲ್ಲಿನ ಅಂಚೆಯಲ್ಲಿ ಸುಮಾರು ಶೇಕಡ 80ರಷ್ಟು ವ್ಯಾಪಾರ ವ್ಯವಹಾರದ್ದೇ. ಬ್ಯಾಂಕಿನ ಲೆಕ್ಕಪತ್ರ, ವಿಮೆಯ ನೋಟೀಸು, ಬಿಲ್ಲು, ಪತ್ರಿಕೆ, ಜಾಹೀರಾತು. ಅಮ್ಮ ಮಗನಿಗೆ ಬರೆದ ಕಾಗದ ಎಂದೋ ಅಲ್ಪಸಂಖ್ಯಾತವಾಗಿತ್ತು. 1967ರಲ್ಲಿ ಪತ್ರಿಕೆ, ಜಾಹೀರಾತುಗಳನ್ನು ರಾಶಿಯಾಗಿ ಕಳಿಸುವವರು ಜಿಪ್ ಕೋಡಿನಂತೆ ವಿಂಗಡಿಸಿಯೇ ತರಬೇಕೆಂದು ಕಡ್ಡಾಯವಾಯಿತು. ಒಂಬತ್ತು ವರ್ಷ ಕಳೆದ ಮೇಲೆ ಬಂದದ್ದು ನಮ್ಮ ಒಂದು ಸೆಂಟು.

ಕಲಸುವ ಮೊದಲೇ

ಈಗ ಒಂದು ಬ್ಯಾಂಕಿನ ಕಂಪ್ಯೂಟರನ್ನು ಮನಸ್ಸಿಗೆ ತಂದುಕೊಳ್ಳಿ. ಅದರಲ್ಲಿ ಲಕ್ಷ ಗಿರಾಕಿಗಳ ವಿಳಾಸವಿದೆ. ಹೆಸರಿನ ಅಕಾರಾದಿಯಲ್ಲಿ ಅಚ್ಚು ಮಾಡು ಎಂದರೂ ಮಾಡುತ್ತದೆ, ಜಿಪ್ ಕೋಡಿನ ಕ್ರಮದಲ್ಲಿ ಮಾಡು ಎಂದರೂ ಮಾಡುತ್ತದೆ. ಎರಡಕ್ಕೂ ತಗಲುವ ಖರ್ಚಿನ ವ್ಯತ್ಯಾಸ ಇಲ್ಲವೆನ್ನುವಷ್ಟು. ಜಿಪ್ ಕ್ರಮದಲ್ಲಿ ಅಚ್ಚಾದರೆ ಲಕೋಟೆಗಳು ಯಂತ್ರದಿಂದ ಹೊರಬೀಳುವಾಗಲೇ ಊರುವಾರು ಸಾಲಾಗಿರುತ್ತವೆ. ಒಂದು ಕೈಯೂ ವಿಂಗಡಿಸಿಲ್ಲ.

ಅದೇ ಲಕ್ಷ ಲಕೋಟೆಗಳನ್ನು ಅಕಾರಾದಿಯಲ್ಲಿ ಅಚ್ಚು ಮಾಡಿ ಅಂಚೆಗೆ ಸುರಿದರೆ, ಕಳೆದುಹೋದ ಕ್ರಮವನ್ನು ಮತ್ತೆ ಕಟ್ಟಲು ಅಷ್ಟೂ ಲಕೋಟೆ ಸುತ್ತಿನ ಮೇಲೆ ಸುತ್ತು ಹೊಡೆಯಬೇಕು. ರಾಗಿ ಒಂದು ಡಬ್ಬಿಯಲ್ಲಿ, ಸಾಸಿವೆ ಒಂದು ಡಬ್ಬಿಯಲ್ಲಿ ಇದ್ದಾಗ ಬೇರೆಯಾಗಿ ಇಡಲು ಶ್ರಮವೇ ಇಲ್ಲ. ಒಮ್ಮೆ ಒಂದೇ ಮೊರಕ್ಕೆ ಸುರಿದು ನೋಡಿ, ಆರಿಸಲು ಕೂತವರಿಗೆ ಗೊತ್ತು. ಭೌತವಿಜ್ಞಾನ ಎಂಟ್ರೊಪಿ ಎಂಬ ಹೆಸರಿನಲ್ಲಿ ಹೇಳುವುದೂ ಇದನ್ನೇ. ಕಲಸುವುದು ಪುಕ್ಕಟೆ, ಬಿಡಿಸುವುದು ದುಬಾರಿ.

ಆ ಒಂದು ಸೆಂಟು ಇಲ್ಲಿಂದ ಬಂತು. ಯಾರ ಬಳಿ ಕ್ರಮ ಅಗ್ಗವಾಗಿ ಸಿಗುತ್ತದೋ ಅವರೇ ಆ ಕೆಲಸ ಮಾಡಲಿ, ಅದಕ್ಕೆ ಕೂಲಿ ಕೊಡೋಣ ಎಂಬ ಲೆಕ್ಕಾಚಾರವದು. ಅಮೆರಿಕದ ಅಂಚೆಯವರು ಇದನ್ನು ಕೆಲಸ ಹಂಚಿಕೆ ಎಂದೇ ಕರೆಯುತ್ತಾರೆ. ಇದರಲ್ಲಿ ಮುಖ್ಯವಾಗಿ ಮೂರು ಬಗೆ: ವಿಂಗಡಿಸಿ ಕೊಡುವುದು, ಬಾರ್‌ಕೋಡ್ ಹಾಕಿ ಕೊಡುವುದು, ಹೋಗಬೇಕಾದ ಊರಿನ ಹತ್ತಿರದ ಕೇಂದ್ರದವರೆಗೆ ತಾವೇ ಸಾಗಿಸಿ ಇಳಿಸುವುದು. ಹೊರೆ ಚಿಕ್ಕದಿದ್ದರೆ ಇದು ಗಿಟ್ಟುವುದಿಲ್ಲ. ಒಂದೊಂದು ಊರಿಗೆ ಎರಡೆರಡು ಕಾಗದದ ಕಟ್ಟು ಬಂದರೆ ಅಂಚೆಯವರಿಗೆ ಕಟ್ಟು ಬಿಚ್ಚುವುದೇ ಕೆಲಸವಾದೀತು. ಹಾಗಾಗಿ ಕನಿಷ್ಠ ಸಂಖ್ಯೆಯ ನಿಯಮವಿದೆ: ಮೊದಲ ದರ್ಜೆಯ ಅಂಚೆಗೆ 500, ಜಾಹೀರಾತಿನ ಅಂಚೆಗೆ 200 ಕಾಗದ ಅಥವಾ 50 ಪೌಂಡು. ಅಷ್ಟು ಇಲ್ಲದ ಸಣ್ಣ ಕಂಪನಿಗಳ ಕಾಗದಗಳನ್ನು ಒಟ್ಟುಗೂಡಿಸಿ, ಬೆರೆಸಿ ವಿಂಗಡಿಸಿ, ರಿಯಾಯಿತಿಯಲ್ಲಿ ಪಾಲು ಹಂಚಿಕೊಳ್ಳುವ ಮಧ್ಯವರ್ತಿಗಳ ಒಂದು ಉದ್ಯಮವೇ ಇದರ ಬೆನ್ನಿಗೆ ಹುಟ್ಟಿತು.

ಎರಡು ಉದ್ದ, ಮೂರು ಗಿಡ್ಡ

ಯಂತ್ರಗಳು ಬಂದ ಮೇಲೆ ಕೂಲಿಯ ಲೆಕ್ಕ ಬದಲಾಯಿತು. ಅಮೆರಿಕದ ವಿಂಗಡಣಾ ಕೇಂದ್ರಗಳಲ್ಲಿ ಕೆಲವು ದಶಕ ದುಡಿದ ಒಂದು ಯಂತ್ರದ ಮುಂದೆ ಹನ್ನೆರಡು ಮಂದಿ ಕೂರುತ್ತಿದ್ದರು. ಸೆಕೆಂಡಿಗೊಂದು ಕಾಗದ ಅವರವರ ಕಣ್ಣೆದುರು ಬಂದು ನಿಲ್ಲುತ್ತಿತ್ತು. ವಿಳಾಸ ನೋಡಿ ಕೀಲಿ ಒತ್ತಬೇಕು, ಯಂತ್ರ ಅದನ್ನು 277 ಗೂಡುಗಳಲ್ಲಿ ಒಂದಕ್ಕೆ ಒಯ್ಯುತ್ತಿತ್ತು. ಒಬ್ಬರಿಗೆ ಗಂಟೆಗೆ 3,600 ಕಾಗದ. ಈಗಿನ ಬಾರ್‌ಕೋಡ್ ಯಂತ್ರ ಗಂಟೆಗೆ 30 ಸಾವಿರಕ್ಕೂ ಹೆಚ್ಚು ಕಾಗದ ದಾಟಿಸುತ್ತದೆ. ನಡುವೆ ಕಣ್ಣು ಬೇಡ, ಓದಲು ಗೀಟುಗಳಿದ್ದರೆ ಸಾಕು.

ಆ ಗೀಟುಗಳ ಮೊದಲ ರೂಪದಲ್ಲಿ ಒಂದು ಜಾಣತನವಿತ್ತು. ಪ್ರತಿ ಅಂಕಿಗೂ ಐದು ಗೀಟು, ಅದರಲ್ಲಿ ಎರಡು ಉದ್ದ, ಮೂರು ಗಿಡ್ಡ. ಐದರಲ್ಲಿ ಎರಡನ್ನು ಆರಿಸಲು ಎಷ್ಟು ದಾರಿಗಳಿವೆ? ಕೈಬೆರಳು ಮಡಚಿ ಎಣಿಸಿ ನೋಡಿ, ಸರಿಯಾಗಿ ಹತ್ತು. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಅಂಕಿಗಳಿಗೆ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಮಸಿ ಮೆತ್ತಿ ಗಿಡ್ಡ ಗೀಟೊಂದು ಉದ್ದವಾಗಿ ಕಂಡರೆ ಆ ಗುಂಪಿನಲ್ಲಿ ಮೂರು ಉದ್ದವಾಗುತ್ತವೆ, ಯಂತ್ರಕ್ಕೆ ತಪ್ಪು ಗೊತ್ತಾಗುತ್ತದೆ. ಸಾಲದ್ದಕ್ಕೆ ಕೊನೆಯಲ್ಲಿ ಒಂದು ಕಾವಲು ಅಂಕಿ. ಶ್ವೇತಭವನದ ಜಿಪ್ 20500, ಕೂಡಿದರೆ 7. ಅದಕ್ಕೆ 3 ಸೇರಿಸಿದರೆ 10. ಎಲ್ಲ ಅಂಕಿಗಳ ಮೊತ್ತ ಯಾವಾಗಲೂ ಹತ್ತರ ಗುಣಕವಾಗುವ ಹಾಗೆ ಆ ಕೊನೆಯ ಅಂಕಿಯನ್ನು ಇಡುತ್ತಿದ್ದರು. ಯಂತ್ರ ಒಂದು ಅಂಕಿಯನ್ನು ತಪ್ಪಾಗಿ ಓದಿದರೂ ಮೊತ್ತ ಚಾಡಿ ಹೇಳಿಬಿಡುತ್ತದೆ. ಯಾವ ಅಂಕಿ ಕೆಟ್ಟಿದೆ ಎಂದು ಗೀಟುಗಳೇ ತೋರಿಸಿಕೊಟ್ಟರೆ, ಮೊತ್ತದಿಂದ ಅದನ್ನು ಕಂಡುಹಿಡಿಯಲೂ ಬಹುದು. ಈಗ ಆ ಜಾಗಕ್ಕೆ 65 ಗೀಟುಗಳ ಹೊಸ ಸಂಕೇತ ಬಂದಿದೆ.

ಮನೆಮನೆಯ ಕ್ರಮವನ್ನೂ ಯಂತ್ರ ಎರಡೇ ಸುತ್ತಿನಲ್ಲಿ ಕಟ್ಟುತ್ತದೆ. ಒಂದು ಬೀದಿಯಲ್ಲಿ 00ರಿಂದ 99ರವರೆಗೆ ನೂರು ಮನೆ, ನಿಮ್ಮ ಬಳಿ ಹತ್ತೇ ಗೂಡು ಎಂದುಕೊಳ್ಳಿ. ಮೊದಲು ಬಿಡಿ ಸ್ಥಾನದ ಅಂಕಿ ನೋಡಿ ಹಂಚಿ. ಗೂಡುಗಳನ್ನು ಸೊನ್ನೆಯಿಂದ ಒಂಬತ್ತರವರೆಗೆ ಅದೇ ಸಾಲಿನಲ್ಲಿ ಎತ್ತಿಕೊಂಡು, ಈಗ ಹತ್ತರ ಸ್ಥಾನದ ಅಂಕಿ ನೋಡಿ ಮತ್ತೆ ಹಂಚಿ. ಎತ್ತಿಕೊಂಡರೆ ಮನೆ ಸಂಖ್ಯೆಯ ಪ್ರಕಾರ ಸಾಲು ಸಿದ್ಧ. ಉಲ್ಟಾ ಅಂಕಿಯಿಂದ ಶುರುಮಾಡಿದ್ದೇ ಗುಟ್ಟು. ಇನ್ನೂರು ಗೂಡಿನ ಯಂತ್ರ ಇದೇ ಉಪಾಯದಲ್ಲಿ 40 ಸಾವಿರ ಮನೆಗಳನ್ನು ಸಾಲಾಗಿ ನಿಲ್ಲಿಸಬಲ್ಲದು.

ಕೈಬರಹದ ಕಾಗದಗಳ ಪಾಡೇನು? ಇಲ್ಲಿ ನಮ್ಮವರೊಬ್ಬರು ಬರುತ್ತಾರೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ., ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿ.ಇ. ಓದಿ ಅಮೆರಿಕಕ್ಕೆ ಹೋದ ಸರಗೂರು ಎನ್. ಶ್ರೀಹರಿ. ಬಫೆಲೋ ವಿಶ್ವವಿದ್ಯಾಲಯದಲ್ಲಿ ಅವರು ಕಟ್ಟಿದ ತಂಡ 1990ರ ದಶಕದಲ್ಲಿ ಗೀಚು ಅಕ್ಷರದ ವಿಳಾಸ ಓದುವ ವ್ಯವಸ್ಥೆಯನ್ನು ಅಂಚೆಗೆ ಕೊಟ್ಟಿತು. ಅದು ನಾವು ಓದುವಂತೆ ಓದುವುದಿಲ್ಲ. ಮೊದಲು ಜಿಪ್ ಕೋಡ್ ಮತ್ತು ಮನೆ ಸಂಖ್ಯೆಯನ್ನು ಹಿಡಿಯುತ್ತದೆ. ಆ ಜಿಪ್ಪಿನಲ್ಲಿ ಆ ಸಂಖ್ಯೆಯ ಮನೆ ಇರುವ ಬೀದಿಗಳು ಎಷ್ಟಿದ್ದಾವು? ಕೆಲವೇ ಕೆಲವು. ಗೀಚಿದ ಬೀದಿಯ ಹೆಸರು ಆ ಕೆಲವುಗಳಲ್ಲಿ ಯಾವುದನ್ನು ಹೋಲುತ್ತದೆ ಎಂದಷ್ಟೇ ನೋಡಿದರೆ ಸಾಕು.

ಇದು ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ, ಬಾರ್‌ಕೋಡ್ ಹಾಕಿ ಕೊಟ್ಟವರ ಶ್ರಮದ ಬೆಲೆಯೇ ಕರಗತೊಡಗಿತು. ಅಂಚೆಯ ಯಂತ್ರ ಚುರುಕಾದಷ್ಟೂ ಗಿರಾಕಿ ಉಳಿಸಿಕೊಡುವ ಖರ್ಚು ಸಣ್ಣದಾಗುತ್ತದೆ. ಕಲಸಿದ್ದನ್ನು ಬಿಡಿಸುವುದು ಎಷ್ಟು ದುಬಾರಿ ಎಂಬುದರ ಮೇಲೆ ಈ ಕೂಲಿ ನಿಂತಿದೆ, ಅದು ಶಾಶ್ವತವಲ್ಲ.

ಚೌಕ ಲಕೋಟೆಯ ದಂಡ

ಕ್ರಮದಷ್ಟೇ ಆಕಾರವೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದಲ್ಲಿ ಲಕೋಟೆಯ ಉದ್ದವನ್ನು ಎತ್ತರದಿಂದ ಭಾಗಿಸಿದರೆ 1.3ರಿಂದ 2.5ರ ಒಳಗೆ ಬರಬೇಕು. ಸುಂದರವಾದ ಚೌಕ ಲಕೋಟೆಯಲ್ಲಿ ಮದುವೆಯ ಕರೆಯೋಲೆ ಕಳಿಸಿದರೆ ಹೆಚ್ಚು ದರ ತೆರಬೇಕು. ಚೌಕಕ್ಕೆ ಮೇಲೆ ಯಾವುದು, ಅಡ್ಡ ಯಾವುದು ಎಂದು ಯಂತ್ರಕ್ಕೆ ತಿಳಿಯುವುದಿಲ್ಲ, ಅದು ಬೆಲ್ಟಿನ ಮೇಲೆ ಉರುಳಿಯೂ ಬೀಳಬಹುದು. ಗಂಟು, ದಾರ, ಮಣಿ ಇದ್ದರೆ ಇನ್ನೂ ಕಷ್ಟ. ಅಂಥ ಕಾಗದ ಯಂತ್ರದಿಂದ ಹೊರಬಂದು ಮತ್ತೆ ಮನುಷ್ಯರ ಕೈಗೇ ಬೀಳುತ್ತದೆ.

ಕಟ್ಟುವ ದಾರಕ್ಕೂ ಬೆಲೆಯಿದೆ. ಊರುವಾರು ಕಟ್ಟಿದ ಪತ್ರಿಕೆಗಳ ಕಟ್ಟೊಂದು ಬೆಲ್ಟಿನ ಮೇಲೆ ಬಿಚ್ಚಿಕೊಂಡಿತೆನ್ನಿ. ಕಟ್ಟಾಗಿ ಒಂದೇ ಸಲ ದಾಟಬೇಕಿದ್ದದ್ದು ಬಿಡಿಬಿಡಿಯಾಗಿ ಹರಡಿ, ಒಂದೊಂದನ್ನೂ ಮೊದಲಿಂದ ವಿಂಗಡಿಸಬೇಕಾಗುತ್ತದೆ. ಕಳಿಸಿದವನಿಗೆ ಅಷ್ಟು ಹೊತ್ತಿಗೆ ರಿಯಾಯಿತಿ ಸಂದಿರುತ್ತದೆ. ಅಂಚೆ ಕೂಲಿಯನ್ನೂ ಕೊಟ್ಟಿತು, ಕೆಲಸವನ್ನೂ ತಾನೇ ಮಾಡಿತು. ಕಟ್ಟು ಎಷ್ಟು ದಪ್ಪ, ಪಟ್ಟಿ ಎಷ್ಟು ಬಿಗಿ, ನುಣುಪು ಹೊದಿಕೆ ಇದ್ದರೆ ಹೇಗೆ ಎಂಬುದರ ಬಗ್ಗೆ ಅಂಚೆಯ ನಿಯಮಗಳು ಪುಟಗಟ್ಟಲೆ ಬೆಳೆದಿರುವುದು ಹುಚ್ಚಿಗಲ್ಲ.

ಕೂಲಿ ಎಷ್ಟಿರಬೇಕು?

ಒಂದು ಕಲ್ಪಿತ ಲೆಕ್ಕ ಮಾಡೋಣ. ಒಂದು ಕಾಗದ ವಿಂಗಡಿಸಲು ಅಂಚೆಗೆ ಮೂರು ರೂಪಾಯಿ ಖರ್ಚು. ದೊಡ್ಡ ಬ್ಯಾಂಕೊಂದು ಅದೇ ಕೆಲಸವನ್ನು ಒಂದು ರೂಪಾಯಿಗೆ ಮಾಡಬಲ್ಲದು, ಸಣ್ಣ ಅಂಗಡಿಗೆ ನಾಲ್ಕು ರೂಪಾಯಿ ಬೀಳುತ್ತದೆ. ರಿಯಾಯಿತಿ ಸರಿಯಾಗಿ ಮೂರು ರೂಪಾಯಿ ಇದ್ದರೆ ಬ್ಯಾಂಕು ತಾನೇ ವಿಂಗಡಿಸುತ್ತದೆ, ಅಂಗಡಿಯವನು ಅಂಚೆಗೇ ಬಿಡುತ್ತಾನೆ. ಎರಡೂ ಕಡೆ ಕೆಲಸ ಅಗ್ಗದ ಕೈಗೆ ಹೋಯಿತು. ರಿಯಾಯಿತಿಯನ್ನು ಐದಕ್ಕೆ ಏರಿಸಿ. ಈಗ ಅಂಗಡಿಯವನೂ ವಿಂಗಡಿಸಲು ಕೂರುತ್ತಾನೆ, ಅವನಿಗೆ ಒಂದು ರೂಪಾಯಿ ಲಾಭ. ಆದರೆ ಮೂರು ರೂಪಾಯಿಯ ಕೆಲಸಕ್ಕೆ ನಾಲ್ಕು ರೂಪಾಯಿಯ ಶ್ರಮ ಸುರಿದಂತಾಯಿತು, ಅಂಚೆಯ ಬೊಕ್ಕಸಕ್ಕೆ ಎರಡು ರೂಪಾಯಿ ತೂತು. ಅರ್ಧ ರೂಪಾಯಿಗೆ ಇಳಿಸಿದರೆ ಬ್ಯಾಂಕೂ ಕೈ ಕಟ್ಟಿಕೊಂಡು ಕೂರುತ್ತದೆ, ಒಂದು ರೂಪಾಯಿಯಲ್ಲಿ ಆಗುತ್ತಿದ್ದ ಕೆಲಸಕ್ಕೆ ಮೂರು ಖರ್ಚಾಗುತ್ತದೆ. ಅಂಚೆಗೆ ಉಳಿತಾಯವಾದ ಖರ್ಚಿಗೆ ಸಮನಾದ ಕೂಲಿಯೇ ನ್ಯಾಯ. ಅಮೆರಿಕದ ಸಂಸತ್ತು 2006ರ ಅಂಚೆ ಕಾನೂನಿನಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ರಿಯಾಯಿತಿ ಉಳಿತಾಯವನ್ನು ಮೀರಬಾರದು ಎಂದೇ ಬರೆಯಿತು.

ಬರೆಯುವುದು ಸುಲಭ, ಅಳೆಯುವುದು ಕಷ್ಟ. ಸುತ್ತು ತಪ್ಪಿದ್ದರಿಂದ ಉಳಿದದ್ದೆಷ್ಟು? ಬ್ಯಾಂಕಿನ ಅಚ್ಚಾದ ವಿಳಾಸ ಹೇಗಿದ್ದರೂ ಯಂತ್ರಕ್ಕೆ ಸಲೀಸು. ಅದನ್ನು ಅಮ್ಮನ ಕೈಬರಹದ ಕಾಗದಕ್ಕೆ ಹೋಲಿಸಿದರೆ ಉಳಿತಾಯ ದೊಡ್ಡದಾಗಿ ಕಾಣುತ್ತದೆ, ವಿಂಗಡಿಸದೆ ಸುರಿದ ಇನ್ನೊಂದು ಬ್ಯಾಂಕಿನ ಕಾಗದಕ್ಕೆ ಹೋಲಿಸಿದರೆ ಚಿಕ್ಕದಾಗಿ. ಯಾವುದರೊಡನೆ ಹೋಲಿಸಬೇಕೆಂಬುದರ ಮೇಲೆ ದರ ನಿಗದಿಯ ಕಟ್ಟೆಯಲ್ಲಿ ದಶಕಗಟ್ಟಲೆ ವಾದ ನಡೆದಿದೆ. ಸಗಟು ಗಿರಾಕಿಗಳು ರಿಯಾಯಿತಿ ಸಾಲದು ಎಂದರೆ, ಅಂಚೆ ನೌಕರರ ಸಂಘಗಳು ಅದು ಹೆಚ್ಚಾಯಿತು, ನಮ್ಮ ಕೆಲಸ ಹೊರಗೆ ಹೋಯಿತು ಎನ್ನುತ್ತವೆ. ಎಲ್ಲರಿಗೂ ಒಂದೇ ದರ ಎಂಬ ಹಳೆಯ ವ್ಯವಸ್ಥೆಯಲ್ಲಿ ಬ್ಯಾಂಕಿನ ಸಲೀಸು ಕಾಗದ ಅಮ್ಮನ ಕಷ್ಟದ ಕಾಗದದ ಖರ್ಚನ್ನು ಸ್ವಲ್ಪ ಹೊರುತ್ತಿತ್ತು. ಬ್ಯಾಂಕಿಗೆ ಅದರ ಪಾಲಿನ ಖರ್ಚಷ್ಟೇ ಎಂದು ಬಿಡಿಸಿ ಕೊಟ್ಟ ದಿನ ಆ ಹೆಗಲು ಸರಿಯಿತು.

ಆರು ಚೌಕಗಳು

ಕನ್ನಡದ ಒಂದು ಮಾಸಪತ್ರಿಕೆಯ ಕಚೇರಿಗೆ ಪತ್ರಿಕೆ ಹೊರಡುವ ದಿನ ಹೋಗಿ ನೋಡಿ. ನೆಲದ ಮೇಲೆ ಜಿಲ್ಲೆವಾರು ಗುಡ್ಡೆಗಳು, ಅವುಗಳೊಳಗೆ ಪಿನ್ ಕೋಡಿನ ಸಾಲು, ನಡುನಡುವೆ ಸುತಲಿ ದಾರ. ಒಳಪುಟದ ಮೂಲೆಯಲ್ಲಿ ಅಂಚೆ ನೋಂದಣಿಯ ಸಂಖ್ಯೆ, ಯಾವ ತಾರೀಕಿಗೆ ಎಲ್ಲಿ ಅಂಚೆಗೆ ಹಾಕಲಾಯಿತು ಎಂಬ ಒಂದು ಸಾಲು ಇರುತ್ತದೆ. ನೋಂದಾಯಿತ ಪತ್ರಿಕೆಗೆ 50 ಗ್ರಾಂವರೆಗೆ ಬಹುಕಾಲ 25 ಪೈಸೆ ದರವಿತ್ತು. ಇದು ಓದು ಹರಡಲಿ ಎಂದು ಕೊಟ್ಟ ಸವಲತ್ತು, ವಿಂಗಡಣೆಯ ಕೂಲಿಯ ಲೆಕ್ಕದಲ್ಲಿ ಹುಟ್ಟಿದ್ದಲ್ಲ. ಆದರೂ ಕಟ್ಟುವವರಿಗೆ ಗೊತ್ತು, ಕಟ್ಟು ಸರಿಯಾಗಿ ಕಟ್ಟಿದರೆ ಸಂಚಿಕೆ ಬೇಗ ತಲುಪುತ್ತದೆ, ಸುಮ್ಮನೆ ಸುರಿದರೆ ಎಲ್ಲೋ ಒಂದು ಸುತ್ತಿಗೆ ಕಾಯುತ್ತ ಬಿದ್ದಿರುತ್ತದೆ. ಕೂಲಿ ಅವರಿಗೆ ದಿನಗಳ ಲೆಕ್ಕದಲ್ಲಿ ಸಿಗುತ್ತದೆ.

ಕೊನೆಯ ಸುತ್ತು ಮಾತ್ರ ಇಲ್ಲಿ ಇನ್ನೂ ಕೈಯದೇ. ಬೆಳಿಗ್ಗೆ ಅಂಚೆ ಕಚೇರಿಯ ಮೇಜಿನ ಮುಂದೆ ಪೋಸ್ಟ್‌ಮ್ಯಾನ್ ತನ್ನ ಬೀಟಿನ ಕಾಗದಗಳನ್ನು ತಾನು ನಡೆಯುವ ಬೀದಿಗಳ ಸಾಲಿಗೆ ಜೋಡಿಸಿಕೊಳ್ಳುತ್ತಾನೆ. ಬಾವಿಕಟ್ಟೆಯ ಮನೆ ಮೊದಲು, ನಾಯಿ ಇರುವ ಮನೆ ಆಮೇಲೆ.

ಎಲ್ಲಾದರೂ ಒಂದು ಹಳೆಯ ಅಂಚೆ ಕಾರ್ಡು ಸಿಕ್ಕರೆ ವಿಳಾಸದ ಕೆಳಗೆ ಕಣ್ಣಾಡಿಸಿ. ಪಿನ್ ಎಂದು ಬರೆದು ಆರು ಖಾಲಿ ಚೌಕ ಅಚ್ಚು ಮಾಡಿರುತ್ತಾರೆ. 1972ರಿಂದ ಅದನ್ನು ತುಂಬುತ್ತ ಬಂದ ನಾವೆಲ್ಲ ಸಾರ್ಟರ್ ತಲೆಯೊಳಗಿನ ನಕ್ಷೆಯನ್ನು ಅಂಕಿಗೊಂದರಂತೆ ಅವನಿಗೆ ಬರೆದುಕೊಟ್ಟಿದ್ದೇವೆ. ಬ್ಯಾಂಕು ಮಾಡಿದ್ದೂ ಅದೇ ಕೆಲಸ, ರಾಶಿಯಲ್ಲಿ ಮಾಡಿತು ಅಷ್ಟೇ. ನಮ್ಮ ಬಿಡಿ ಕಾರ್ಡಿಗೆ ಮಾತ್ರ ಯಾರೂ ಒಂದು ಪೈಸೆ ಬಿಡಲಿಲ್ಲ.